ಸಿಗರೇಟು ಅರ್ಧಕ್ಕಿಳಿಸಿದ್ರೂ ಊದೋ ಮಷಿನ್‌ನಾಗ ನಂಬರ್ ಇಳೀಲಿಲ್ಲ, ಯಾಕೆ?

ಕುಡತಿನಿ_ಶಿಫ್ಟ್

ಎಲ್ಲರಿಗೂ ನಮಸ್ಕಾರ. ಬಳ್ಳಾರಿ ಹತ್ರ ಒಂದು ಸ್ಪಾಂಜ್ ಐರನ್ ಫ್ಯಾಕ್ಟರಿಯಾಗ ಕೆಲಸ ನನ್ನದು. ಯುಗಾದಿಯಿಂದ ಸಿಗರೇಟು ಅರ್ಧಕ್ಕರ್ಧ ಇಳಿಸೀನಿ. ಬ್ರ್ಯಾಂಡೂ ಬದಲು ಮಾಡೀನಿ. ಮೊದಲಿನ ಕಡಕ್ ಸಿಗರೇಟು ಬಿಟ್ಟು, ಬೆಳ್ಳಿ ಬಣ್ಣದ ಪ್ಯಾಕಿನಾಗ ಬರ್ತೈತಲ್ಲ, ಹಗುರ ಅಂತಾರಲ್ಲ, ಅದು.

ಮೊನ್ನೆ ಆರೋಗ್ಯ ಶಿಬಿರದಾಗ ಉಸಿರು ಹಿಡಿದು ಊದೋ ಮಷಿನ್ ಇಟ್ಟಿದ್ರು. ಉಸಿರಿನಾಗ ಕಾರ್ಬನ್ ಮಾನಾಕ್ಸೈಡ್ ಎಷ್ಟೈತಿ ಅಂತ ತೋರಿಸ್ತೈತಿ. ಹಿಂದಿನ ಶಿಬಿರದಾಗ ಎಷ್ಟು ಬಂದಿತ್ತೋ ಅದರ ಸುತ್ತಮುತ್ತಾನೇ ಬಂತು. ಮನೆಯಾಕಿ ಪಕ್ಕದಾಗೇ ನಿಂತಿದ್ಲು, "ಕಡಿಮೆ ಮಾಡೀನಿ ಅಂತ ಸುಳ್ಳು ಹೇಳಿದ್ರಿ" ಅಂತ ಮುಖ ತಿರುಗಿಸಿದ್ಲು. ಸುಳ್ಳಲ್ರಿ. ಮಷಿನ್ ಸರಿ ಇರಲಿಲ್ಲೋ, ಬೇರೆ ಏನಾರ ಕಾರಣ ಐತೋ? ಗೊತ್ತಿದ್ದೋರು ಹೇಳ್ರಿ.

ಸಂಡೂರು_ಟಿಪ್ಪರ್

ಫ್ಯಾಕ್ಟರಿ ಗಾಳಿನೇ ಇರಬೇಕು ಬ್ರದರ್. ಕಿಲ್ನ್ ಅಂದ್ರೆ ಕುಲುಮೆ ಹತ್ರ ನಿಂತೋರಿಗೆ ಗ್ಯಾಸ್ ಕುಡದೇ ಅರ್ಧ ದಿನ ಹೋಗ್ತೈತಿ. ಸಿಗರೇಟಿನ ಮೇಲೆ ಯಾಕೆ ಹಾಕ್ತೀರಿ.

ರಾಯಚೂರು_ಕೆಮಿಸ್ಟ್ರಿ

ಟಿಪ್ಪರ್ ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಕಲ್ಲಿದ್ದಲು ಬಳಸಿ ಅದಿರಿನಿಂದ ಕಬ್ಬಿಣ ತೆಗೆಯುವಲ್ಲಿ ಕಾರ್ಬನ್ ಮಾನಾಕ್ಸೈಡ್ ಇದ್ದೇ ಇರುತ್ತದೆ, ಅದಿರಿನ ಆಕ್ಸಿಜನ್ ಕಿತ್ತುಕೊಳ್ಳುವುದೇ ಆ ಅನಿಲ. ಬಣ್ಣವಿಲ್ಲ, ವಾಸನೆಯಿಲ್ಲ, ರಕ್ತದ ಹಿಮೋಗ್ಲೋಬಿನ್‌ಗೆ ಆಕ್ಸಿಜನ್‌ಗಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ.

ಆದರೆ ಪರೀಕ್ಷಿಸುವ ದಾರಿ ಸುಲಭ. ನಿಮ್ಮ ಜೊತೆಗೇ ಕೆಲಸ ಮಾಡುವ, ಸೇದದ ಒಬ್ಬರು ಅದೇ ಮಷಿನ್ ಊದಿದ್ದರೆ ಅವರಿಗೆ ಎಷ್ಟು ಬಂತು ಕೇಳಿ. ಸೇದದವರಿಗೆ ಸಾಮಾನ್ಯವಾಗಿ ಒಂದಂಕಿಯಲ್ಲಿ ನಿಲ್ಲುತ್ತದೆ, ದಿನಾ ಸೇದುವವರಿಗೆ 10 ದಾಟುತ್ತದೆ. ಅವರಿಗೂ ನಿಮ್ಮಷ್ಟೇ ಬಂದಿದ್ದರೆ ಅದು ಸಿಗರೇಟಿನ ವಿಷಯವಲ್ಲ, ಸುರಕ್ಷತಾ ಅಧಿಕಾರಿಗೆ ಅದೇ ದಿನ ಬರೆದು ಕೊಡಬೇಕಾದ ವಿಷಯ.

ಕುಡತಿನಿ_ಶಿಫ್ಟ್

ಕೇಳಿದೆ ಸರ್. ನಮ್ಮ ಫಿಟ್ಟರ್ ಅಣ್ಣ ಸೇದಂಗಿಲ್ಲ, ಅದೇ ಶೆಡ್ಡು, ಅದೇ ಪಾಳಿ. ಅವನಿಗೆ ಬಹಳ ಕಡಿಮೆ ಬಂದೈತಿ. ಅಂದ್ರೆ ನನ್ನದು ಸಿಗರೇಟಿಂದೇ.

ಕೊಪ್ಪಳ_ಆಪ್ತಸಲಹೆ

ತಮ್ಮ, ನಾನು ತಂಬಾಕು ಬಿಡಿಸೋ ಕೇಂದ್ರದಾಗ ಕೆಲಸ ಮಾಡ್ತೀನಿ. ಉತ್ತರ ಹೇಳೋಕೆ ಮುಂಚೆ ಎರಡು ಮಾತು ಕೇಳ್ತೀನಿ, ನಾಚಿಕೆ ಇಲ್ದಂಗೆ ಹೇಳ್ರಿ. ಈಗ ಸೇದೋದು ಯಾವಾಗ, ಎಲ್ಲಿ? ಎಷ್ಟು ಬೇಗ ಮುಗಿಸ್ತೀರಿ? ಬೆರಳು ಎಲ್ಲಿ ಹಿಡೀತೀರಿ, ತುಟಿ ಎಲ್ಲಿಗೆ ಬರ್ತೈತಿ? ಎಲ್ಲಿವರೆಗೂ ಸೇದಿ ಬಿಸಾಕ್ತೀರಿ?

ಕುಡತಿನಿ_ಶಿಫ್ಟ್

ಅಕ್ಕಾ, ಒಳಗೆ ಲೈಟರು, ಬೆಂಕಿಪೊಟ್ಟಣ ಬಿಡಂಗಿಲ್ಲ. ಗೇಟ್ ಹೊರಗೆ ಚಹಾದ ಅಂಗಡಿ. ಪಾಳಿಗೆ ಮುಂಚೆ ಒಂದು, ಟೀ ಬ್ರೇಕ್‌ನಾಗ ಓಡಿ ಬಂದು ಒಂದು. ಟೈಮ್ ಇರಂಗಿಲ್ಲ, ಜೋರಾಗಿ ಎಳದು ಒಳಗೇ ಸ್ವಲ್ಪ ಹಿಡಿದು ಬಿಡ್ತೀನಿ. ಮೊದಲಿನ ಸಿಗರೇಟು ಅರ್ಧ ನಾನು ಸೇದ್ತಿದ್ದೆ, ಅರ್ಧ ಗಾಳಿಗೆ ಉರೀತಿತ್ತು, ಮಾತಾಡ್ಕೊಂತ ಕೈಯಾಗೇ ಹಿಡಕೊಂಡಿರ್ತಿದ್ದೆ. ಈಗಿಂದು ಹಂಗಲ್ಲ, ಫಿಲ್ಟರ್ ಬಿಸಿ ಆಗೋತನ ಬಿಡಂಗಿಲ್ಲ. ರುಚಿ ಸಪ್ಪೆ ಅನಸ್ತೈತಿ, ಅದಕ್ಕ ಗಟ್ಟಿಯಾಗಿ ಎಳೀತೀನಿ. ಬೆರಳು ಫಿಲ್ಟರ್ ಮ್ಯಾಲೇ ಇರ್ತಾವು.

ಕೊಪ್ಪಳ_ಆಪ್ತಸಲಹೆ

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಸಂತೋಷ. ಇದನ್ನ ಮನೆಯಾಕೆಗೆ ಓದಿಸ್ರಿ. ನೀವು ಸುಳ್ಳು ಹೇಳಿಲ್ಲ. ಸಿಗರೇಟಿನ ಎಣಿಕೆ ಇಳಿದೈತಿ, ಒಂದೊಂದರ ದಮ್ ಏರೈತಿ.

ನಿಕೋಟಿನ್ ಶ್ವಾಸಕೋಶಕ್ಕೆ ಹೋದ 10ರಿಂದ 20 ಸೆಕೆಂಡಿನಾಗ ಮೆದುಳು ಮುಟ್ತೈತಿ. ಅಷ್ಟು ಬೇಗ ಮುಟ್ಟೋದಕ್ಕೇ ಸೇದೋರು ದಮ್ಮಿಂದ ದಮ್ಮಿಗೆ ತಮಗೆ ಬೇಕಾದಷ್ಟು ಸರಿ ಮಾಡ್ಕೊಂತ ಹೋಗ್ತಾರ. ಸಾಕಾಗಲಿಲ್ಲ ಅಂದ್ರೆ ಮುಂದಿನ ದಮ್ ಉದ್ದ, ಸಾಕಾತು ಅಂದ್ರೆ ಗಿಡ್ಡ. ಇದನ್ನ ಯಾರೂ ಲೆಕ್ಕ ಹಾಕಿ ಮಾಡಂಗಿಲ್ಲ, ಮೈ ತಾನೇ ಮಾಡ್ತೈತಿ. ರಕ್ತದಾಗಿನ ನಿಕೋಟಿನ್ ಸುಮಾರು ಎರಡು ತಾಸಿಗೆ ಅರ್ಧ ಇಳೀತೈತಿ. ನಾಲ್ಕು ತಾಸು ಶೆಡ್ಡಿನಾಗ ಇದ್ದು ಹೊರಗೆ ಬಂದವರ ಮೊದಲ ದಮ್ ಹೆಂಗಿರ್ತೈತಿ ನೀವೇ ನೋಡೀರಿ. ಬೆಳಿಗ್ಗೆ ಎದ್ದ ಮ್ಯಾಲಿನ ಮೊದಲ ಸಿಗರೇಟೂ ಹಂಗೇ.

ಈಗ ಮುಖ್ಯ ಮಾತು. ಒಂದು ಸಿಗರೇಟಿನ ತಂಬಾಕಿನಾಗ ಹೆಚ್ಚುಕಮ್ಮಿ 10ರಿಂದ 14 ಮಿಲಿಗ್ರಾಂ ನಿಕೋಟಿನ್ ಇರ್ತೈತಿ. ಸೇದಿದವರ ಮೈಗೆ ಹೋಗೋದು 1, ಒಂದೂವರೆ ಮಿಲಿಗ್ರಾಂ. ಉಳಿದಿದ್ದು ಬೂದಿ, ಹೊಗೆ, ಮೋಟು. ಅಂದ್ರೆ ಜೋರಾಗಿ ಎಳೆದವರಿಗೆ ಇನ್ನೂ ಕೊಡೋಕೆ ಅದರಾಗ ಬೇಕಾದಷ್ಟು ಐತಿ. ಅದಕ್ಕೇ ಎಣಿಕೆ ಅರ್ಧ ಮಾಡಿದ್ರೂ ನಿಕೋಟಿನ್ ಅರ್ಧ ಆಗಂಗಿಲ್ಲ. ನಿಕೋಟಿನ್ ಒಂದೇ ಬರಂಗಿಲ್ಲ ನೋಡ್ರಿ. ಅದರ ಜೊತೆಗೆ ಟಾರ್ ಅನ್ನೋ ಹೊಗೆಯ ಜಿಗುಟು ಮಡ್ಡಿ, ಕಾರ್ಬನ್ ಮಾನಾಕ್ಸೈಡ್, ಫಾರ್ಮಾಲ್ಡಿಹೈಡ್, ಬೆಂಜೀನ್, ನೈಟ್ರೊಸಮೈನ್‌ಗಳು ಎಲ್ಲಾ ಬರ್ತಾವು. ತಂಬಾಕಿನ ಹೊಗೆಯಾಗ 7,000ಕ್ಕೂ ಹೆಚ್ಚು ರಾಸಾಯನಿಕ ಅದಾವು, ಕ್ಯಾನ್ಸರ್ ತರೋವು ಸುಮಾರು 70.

ಎಲ್ಲರಿಗೂ ನಂಬರ್ ಪೂರಾ ಅಷ್ಟೇ ಬರ್ತೈತಿ ಅಂತಲ್ಲ. ಬಹಳ ಮಂದಿಗೆ ಸ್ವಲ್ಪ ಇಳೀತೈತಿ, ಎಣಿಕೆ ಇಳಿದಷ್ಟು ಇಳಿಯಂಗಿಲ್ಲ. ಇನ್ನೊಂದು, ಕಾರ್ಬನ್ ಮಾನಾಕ್ಸೈಡ್ ಮೈಯಿಂದ ಅರ್ಧ ಹೋಗೋಕೆ ನಾಲ್ಕೈದು ತಾಸು ಬೇಕು. ಶಿಬಿರಕ್ಕೆ ಬರೋಕೆ ಸ್ವಲ್ಪ ಮುಂಚೆ ಸೇದಿದ್ರೆ ಅದೂ ಸೇರಿಕೊಂಡಿರ್ತೈತಿ.

ಸಿಂಧನೂರು_ಕಾಲುವೆ

ತಂಗಿ, ಈಗ ತಿಳೀತು ನೋಡವ್ವ. ನಮ್ಮ ಎಡದಂಡೆ ಕಾಲುವಿ ಕೊನೀಭಾಗದಾಗ ಪಾಳಿ ದಿನ ಕಡಿಮಿ ಮಾಡಿದ್ರ ತೂಬು ಅಗಲ ಮಾಡಿ ಅಷ್ಟೇ ನೀರು ಹೊಲಕ್ಕ ಬಿಟ್ಕೋತಾರ. ಹಂಗ ಆತು ಇದು.

ಕೊಪ್ಪಳ_ಆಪ್ತಸಲಹೆ

ಅದೇ ಕಾಕಾ, ಸರಿಯಾಗಿ ಹೇಳಿದ್ರಿ.

ಸಂಡೂರು_ಟಿಪ್ಪರ್

ಆದ್ರೆ ಅಕ್ಕಾ, ಹಗುರ ಸಿಗರೇಟಿನಾಗ ಟಾರ್ ಕಡಿಮೆ ಅಂತ ಅಳತೆ ಮಾಡಿನೇ ಹೇಳ್ತಾರಲ್ಲ? ಅದು ಸುಳ್ಳಾ?

ರಾಯಚೂರು_ಕೆಮಿಸ್ಟ್ರಿ

ಇದಕ್ಕೆ ನಾನು ಉತ್ತರಿಸುತ್ತೇನೆ, ಪಾಠ ಮಾಡುವವನಿಗೆ ಇಷ್ಟದ ವಿಷಯ. ಅಳತೆ ಸುಳ್ಳಲ್ಲ. ಅಳೆದದ್ದು ಮನುಷ್ಯನನ್ನಲ್ಲ.

ಅಮೆರಿಕದಲ್ಲಿ 1967ರಿಂದ ಸರ್ಕಾರಿ ಪರೀಕ್ಷೆಯಲ್ಲಿ ಸಿಗರೇಟನ್ನು ಯಂತ್ರಕ್ಕೆ ಸಿಕ್ಕಿಸಿ ಸೇದಿಸುತ್ತಿದ್ದರು. ನಿಮಿಷಕ್ಕೆ ಒಂದೇ ದಮ್, 2 ಸೆಕೆಂಡು, 35 ಮಿಲಿಲೀಟರ್. ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಒ ವಿಧಾನದಲ್ಲೂ ಹೆಚ್ಚುಕಡಿಮೆ ಇದೇ ಲೆಕ್ಕ. ಗೇಟ್ ಹೊರಗೆ ಟೀ ಬ್ರೇಕ್‌ನಲ್ಲಿ ನಿಂತವರು ನಿಮಿಷಕ್ಕೊಂದು ದಮ್ ಎಳೆಯುತ್ತಾರೆಯೇ? ಜನ ಎಳೆಯುವ ದಮ್ ಸಾಮಾನ್ಯವಾಗಿ ಅದಕ್ಕಿಂತ ದೊಡ್ಡದು, ಅರ್ಧ ನಿಮಿಷದೊಳಗೆ ಇನ್ನೊಂದು ಬರುತ್ತದೆ.

ಎರಡನೆಯದು ರಂಧ್ರಗಳು. ಹಗುರ ಎನ್ನುವ ಸಿಗರೇಟಿನ ಫಿಲ್ಟರ್ ಸುತ್ತಿದ ಕಾಗದದ ಮೇಲೆ, ತುದಿಯಿಂದ ಒಂದು ಸೆಂಟಿಮೀಟರ್ ಆಸುಪಾಸಿನಲ್ಲಿ, ಸುತ್ತಲೂ ಸಣ್ಣ ಸಣ್ಣ ತೂತುಗಳ ಸಾಲು ಇರುತ್ತದೆ. ಆ ಕಾಗದವನ್ನು ಬಿಚ್ಚಿ ಬಿಸಿಲಿಗೆ ಹಿಡಿದರೆ ಬೆಳಕಿನ ಚುಕ್ಕೆಗಳು ಸಾಲಾಗಿ ಕಾಣುತ್ತವೆ. ಯಂತ್ರ ಎಳೆದಾಗ ಅಲ್ಲಿಂದ ಗಾಳಿ ನುಗ್ಗಿ ಹೊಗೆ ತೆಳುವಾಗುತ್ತದೆ, ಟಾರ್ ಕಡಿಮೆ ಎಂದು ದಾಖಲಾಗುತ್ತದೆ. ಯಂತ್ರಕ್ಕೆ ಬೆರಳೂ ಇಲ್ಲ, ತುಟಿಯೂ ಇಲ್ಲ. ಕುಡತಿನಿಯವರು ಹಿಡಿಯುವ ಜಾಗದಲ್ಲೇ ಆ ತೂತುಗಳಿವೆ. ಅವು ಮುಚ್ಚಿದರೆ ಹಗುರ ಸಿಗರೇಟು ಹಗುರವಾಗಿ ಉಳಿಯುವುದಿಲ್ಲ. ಕೆನಡಾದ ಆರೋಗ್ಯ ಇಲಾಖೆ ಆಮೇಲೆ ರೂಪಿಸಿದ ಕಠಿಣ ವಿಧಾನದಲ್ಲಿ ತೂತುಗಳನ್ನು ಪೂರ್ತಿ ಮುಚ್ಚಿ, 30 ಸೆಕೆಂಡಿಗೊಮ್ಮೆ 55 ಮಿಲಿಲೀಟರ್ ಎಳೆಸುತ್ತಾರೆ. ಹಾಗೆ ಅಳೆದರೆ ಹಗುರ ಸಿಗರೇಟಿನ ಅಂಕಿಗಳು ಜೋರಾಗಿ ಮೇಲೇರುತ್ತವೆ.

ಸೇದಿದವರ ರಕ್ತವನ್ನೇ ನೋಡಿದವರೂ ಇದ್ದಾರೆ. 1983ರಲ್ಲಿ ಅಮೆರಿಕದ ಸಂಶೋಧಕ ನೀಲ್ ಬೆನೊವಿಟ್ಜ್ ಮತ್ತು ಜೊತೆಗಾರರು ನಿಕೋಟಿನ್ ಒಡೆದು ಬರುವ ಕೊಟಿನಿನ್ ಅಳೆದು, ಕಡಿಮೆ ನಿಕೋಟಿನ್ ಎಂದು ಬರೆದ ಸಿಗರೇಟು ಸೇದುವವರು ಕಡಿಮೆ ನಿಕೋಟಿನ್ ಪಡೆಯುತ್ತಿಲ್ಲ ಎಂದು ತೋರಿಸಿದರು. 2006ರಲ್ಲಿ ವಾಷಿಂಗ್ಟನ್‌ನ ನ್ಯಾಯಾಧೀಶೆ ಗ್ಲ್ಯಾಡಿಸ್ ಕೆಸ್ಲರ್, ಇಂಥ ಸಿಗರೇಟಿನ ವಿಷಯದಲ್ಲಿ ಕಂಪನಿಗಳು ಜನರನ್ನು ದಾರಿ ತಪ್ಪಿಸಿದವೆಂದು ತೀರ್ಪು ಕೊಟ್ಟರು. 2008ರಲ್ಲಿ ಅಮೆರಿಕದ ವ್ಯಾಪಾರ ಆಯೋಗ ಆ ಯಂತ್ರದ ಅಂಕಿಗಳಿಗೆ ಕೊಟ್ಟಿದ್ದ ಮಾನ್ಯತೆಯನ್ನೇ ವಾಪಸ್ ತೆಗೆದುಕೊಂಡಿತು. ನಮ್ಮಲ್ಲೂ ಪ್ಯಾಕಿನ ಮೇಲೆ 'ಲೈಟ್', 'ಮೈಲ್ಡ್' ಎಂದು ಬರೆಯಲು ನಿಯಮ ಬಿಡುವುದಿಲ್ಲ. ಅಕ್ಷರ ಹೋಯಿತು, ಬೆಳ್ಳಿ ಬಣ್ಣ ಉಳಿಯಿತು. ಆ ಬಣ್ಣ ನೋಡಿ ಕೊಂಡವರು ಕೊಪ್ಪಳ, ರಾಯಚೂರು, ಬಳ್ಳಾರಿಯಲ್ಲಿ ಎಷ್ಟು ಜನ ಇದ್ದಾರೋ ಎಂದು ನನಗೆ ನಿಜವಾಗಿ ಸಂಕಟವಾಗುತ್ತದೆ.

ಆಳವಾಗಿ ಎಳೆಯುವುದಕ್ಕೆ ಬೇರೆ ಬೆಲೆಯೂ ಇದೆ. ಶ್ವಾಸಕೋಶದ ಅಂಚಿನ ಸಣ್ಣ ನಾಳಗಳ ಕಡೆ ಬರುವ ಅಡೆನೊಕಾರ್ಸಿನೋಮಾ ಎಂಬ ಕ್ಯಾನ್ಸರ್ ಕಳೆದ ದಶಕಗಳಲ್ಲಿ ಹೆಚ್ಚಿತು. ಸಿಗರೇಟಿನ ರಚನೆಯಲ್ಲಿ 1950ರ ದಶಕದಿಂದ ಆದ ಬದಲಾವಣೆಗಳೇ ಅದಕ್ಕೆ ಕಾರಣ ಎಂದು ಅಮೆರಿಕ ಸರ್ಕಾರದ ಉನ್ನತ ಆರೋಗ್ಯಾಧಿಕಾರಿಯಾದ ಸರ್ಜನ್ ಜನರಲ್ 2014ರ ವರದಿಯಲ್ಲಿ ಹೇಳಿದ್ದಾರೆ. ತೂತಿನ ಫಿಲ್ಟರ್ ಆ ಬದಲಾವಣೆಗಳಲ್ಲಿ ಒಂದು.

ಕೊಪ್ಪಳ_ಆಪ್ತಸಲಹೆ

ಸರ್ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಸೇದಿ ಬಿಸಾಕಿದ ಮೋಟಿನ ತುದಿ ನೋಡ್ರಿ. ತೂತು ಮುಚ್ಚದಿದ್ರೆ ಕಂದು ಕಲೆ ನಡುವೆ ಬೀಳ್ತೈತಿ, ಸುತ್ತ ಬಿಳಿ ಉಂಗುರ ಉಳೀತೈತಿ. ಮುಚ್ಚಿ ಸೇದಿದ್ರೆ ಕಲೆ ಅಂಚಿನತನ ಹರಡಿರ್ತೈತಿ.

ಕುಡತಿನಿ_ಶಿಫ್ಟ್

ಈಗಷ್ಟೇ ಚಹಾದ ಅಂಗಡಿ ಮುಂದೆ ನಮ್ಮವರು ಬಿಸಾಕಿದ್ದು ಆರಿಸಿ ನೋಡಿದ್ವಿ ಅಕ್ಕಾ. ಬಿಳಿ ಉಂಗುರ ಇರೋದು ಒಂದೋ ಎರಡೋ. ನನ್ನದು ಅಂಚಿನತನ ಕಂದು.

ಸಿಂಧನೂರು_ಕಾಲುವೆ

ಹಂಗಾದ್ರ ಬೀಡಿನೇ ಚೊಲೊ ಅಲ್ಲೇನು? ಎಲಿ, ಸ್ವಲ್ಪೇ ತಂಬಾಕ. ಫಿಲ್ಟರ್ ಇಲ್ಲ, ತೂತಿಲ್ಲ, ಕಾಗದ ಇಲ್ಲ. ನಮ್ಮಪ್ಪನೂ ಬೀಡಿನೇ ಸೇದ್ತಿದ್ದ, ನಾನೂ ಅದೇ. ಹೊಲದಾಗ ಒಂದು ಕಟ್ಟು ಇದ್ರ ಸಂಜಿತನಕ ನಡೀತದ.

ಕೊಪ್ಪಳ_ಆಪ್ತಸಲಹೆ

ಕಾಕಾ, ಈ ಮಾತು ಹೇಳೋರು ದಿನಾ ನಮ್ಮ ಕೇಂದ್ರಕ್ಕೆ ಬರ್ತಾರ. ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಬೀಡಿಯಾಗ ತಂಬಾಕು ಕಡಿಮೆ, ಖರೆ. 0.2 ಗ್ರಾಂ ಆಸುಪಾಸು. ಆದ್ರೆ ಆ ಎಲೆ ಕಾಗದದಂಗೆ ಗಾಳಿ ಒಳಗೆ ಬಿಡಂಗಿಲ್ಲ, ಸರಿಯಾಗಿ ಉರಿಯೋದೂ ಇಲ್ಲ. ಮಾತಾಡ್ಕೊಂತ ಸ್ವಲ್ಪ ಹೊತ್ತು ಬಿಟ್ರೆ ಆರಿ ಹೋಗ್ತೈತಿ, ನಿಮಗೆ ಗೊತ್ತೇ ಐತಿ. ಆರಬಾರದು ಅಂದ್ರೆ ಎಳೀತಾನೇ ಇರಬೇಕು, ಅದೂ ದಮ್ ಕಟ್ಟಿ ಎಳೀಬೇಕು. ಒಂದು ಬೀಡಿಗೆ ಸುಮಾರು 28 ದಮ್, ಒಂದು ಸಿಗರೇಟಿಗೆ ಸುಮಾರು 9 ಅಂತ ಅಳೆದು ನೋಡಿದ ಲೆಕ್ಕ ಐತಿ. ಯಂತ್ರದಾಗ ಹೋಲಿಸಿದ ಪರೀಕ್ಷೆಯಾಗ ಬೀಡಿಯಿಂದ ಸಿಗರೇಟಿನ ಮೂರು ಪಟ್ಟು ಕಾರ್ಬನ್ ಮಾನಾಕ್ಸೈಡ್ ಮತ್ತು ನಿಕೋಟಿನ್, ಐದು ಪಟ್ಟು ಟಾರ್ ಬಂತು. ತಂಬಾಕು ಕಡಿಮೆ ಇದ್ದೂ ಇಷ್ಟು ಬಂತು ಅಂದ್ರೆ ಅದು ಸುಡೋ ರೀತಿ, ಎಳೆಯೋ ರೀತಿ.

ಮೋಟುಬೀಡಿ ಮಾತು ಬೇರೆ. ತುಟಿ ಸುಡೋತನ ಸೇದ್ತಾರ, ಆರಿಸಿ ಕಿವಿ ಮ್ಯಾಲೆ ಇಟ್ಕೊಂಡು ಮತ್ತೆ ಹಚ್ಚತಾರ. ಮೊದಲ ದಮ್ಮುಗಳ ಟಾರ್ ಒಂದಿಷ್ಟು ಉಳಿದ ತಂಬಾಕಿನಾಗೇ ಕೂಡ್ತೈತಿ. ಬೆಂಕಿ ಅಲ್ಲಿಗೆ ಬಂದಾಗ ಅದೂ ಸೇರಿ ಒಳಗೆ ಹೋಗ್ತೈತಿ. ಸಿಗರೇಟಿನ ಕೊನೆ ದಮ್ಮುಗಳೂ ಇದೇ ಕಾರಣಕ್ಕೆ ಕಡಕ್.

ವಯಸ್ಕರ ತಂಬಾಕು ಬಳಕೆ ಅಳೆಯೋ ಗ್ಯಾಟ್ಸ್ ಸಮೀಕ್ಷೆಯ 2016–17ರ ಲೆಕ್ಕದ ಪ್ರಕಾರ ನಮ್ಮ ದೇಶದಾಗ ಬೀಡಿ ಸೇದೋ ವಯಸ್ಕರು 7.7%, ಸಿಗರೇಟು 4%. ಮಾತೆಲ್ಲಾ ಸಿಗರೇಟಿಂದೇ ಆಗ್ತೈತಿ, ಎದಿ ಕೆಡೋದು ಬೀಡಿ ಸೇದೋರದೂ ಅಷ್ಟೇ. ಇದು ನನಗೆ ಬಹಳ ದಿನದ ಸಿಟ್ಟು.

ಹಟ್ಟಿ_ಮಗಳು

ಅಕ್ಕಾ, ನಮ್ಮ ಮಾವನವರು ಗಣಿಯಲ್ಲಿ ಕೆಲಸ ಮಾಡಿ ನಿವೃತ್ತಿ ಆದವರು. ಕೆಮ್ಮು ಬಿಡ್ತಿಲ್ಲ. ಸಿಗರೇಟು ಬಿಡಿ ಅಂದರೆ "ನಾನು ಒಳಗೆ ಎಳೆಯಲ್ಲ, ಬಾಯಲ್ಲಿ ಹೊಗೆ ಹಿಡಿದು ಬಿಡ್ತೀನಿ ಅಷ್ಟೇ" ಅಂತಾರೆ. ಇದು ನಿಜ ಇರಬಹುದಾ?

ರಾಯಚೂರು_ಕೆಮಿಸ್ಟ್ರಿ

ಸಿಗರೇಟಿನ ಹೊಗೆ ತುಸು ಆಮ್ಲೀಯ. ಬಾಯಿಯ ಪೊರೆಯಿಂದ ನಿಕೋಟಿನ್ ಹೆಚ್ಚು ಒಳಗೆ ಹೋಗುವುದಿಲ್ಲ, ಶ್ವಾಸಕೋಶಕ್ಕೇ ಇಳಿಯಬೇಕು. ವರ್ಷಗಟ್ಟಲೆ ಸಿಗರೇಟಿಗೇ ಅಂಟಿಕೊಂಡವರು ಒಳಗೆ ಎಳೆಯದೆ ಇರುವುದು ಕಷ್ಟ, ಎಳೆಯುತ್ತಿರುವುದು ಅವರ ಗಮನಕ್ಕೇ ಬರುವುದಿಲ್ಲ. ಚುಟ್ಟಾದಂಥದ್ದರ ಹೊಗೆ ಕ್ಷಾರೀಯ, ಅದರ ಮಾತು ಬೇರೆ, ಅಲ್ಲಿ ಬಾಯಿಯಿಂದಲೇ ಹೋಗುತ್ತದೆ. ಹೇಗಿದ್ದರೂ ಬಾಯಿ, ಗಂಟಲಿಗೆ ಹೊಗೆ ತಗುಲಿಯೇ ತಗುಲುತ್ತದೆ.

ಕೊಪ್ಪಳ_ಆಪ್ತಸಲಹೆ

ತಂಗಿ, ವಾದ ಆಮೇಲೆ ಮಾಡೋಣ. ಗಣಿ ಧೂಳು ಕುಡಿದ ಎದಿ, ಮೇಲೆ ಸಿಗರೇಟು, ಬಿಡದ ಕೆಮ್ಮು. ಮೊದಲು ಎಕ್ಸ್‌ರೇ, ಕಫ ಪರೀಕ್ಷೆ ಮಾಡಿಸ್ರಿ. ಎರಡು ವಾರ ಮೀರಿದ ಕೆಮ್ಮಿಗೆ ಸರ್ಕಾರಿ ಆಸ್ಪತ್ರೆಯಾಗ ಟಿಬಿ ಪರೀಕ್ಷೆ ಉಚಿತ. ಕಲ್ಲಿನ ಸಿಲಿಕಾ ಧೂಳು ತಾನೇ ಶ್ವಾಸಕೋಶದ ಕ್ಯಾನ್ಸರ್ ತರೋ ವಸ್ತು ಅಂತ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಾಗೇ ಹೇಳೈತಿ. ಗಣಿಯಾಗ ಇದ್ದೆ ಅನ್ನೋದನ್ನ ಡಾಕ್ಟರಿಗೆ ಅವರೇ ಬಾಯಿಬಿಟ್ಟು ಹೇಳಲಿ, ಬಹಳ ಸಲ ಆ ಪ್ರಶ್ನೆ ಯಾರೂ ಕೇಳಂಗಿಲ್ಲ.

ಹಟ್ಟಿ_ಮಗಳು

ಈ ವಾರವೇ ಕರ್ಕೊಂಡು ಹೋಗ್ತೀನಿ ಅಕ್ಕಾ.

ಸಂಡೂರು_ಟಿಪ್ಪರ್

ನನ್ನದೊಂದು ಪ್ರಶ್ನೆ. ದಮ್ಮಿನಾಗೇ ಎಲ್ಲಾ ಐತಿ ಅಂದ್ರೆ, ಸಣ್ಣ ದಮ್, ನಿಧಾನ, ಅರ್ಧಕ್ಕೇ ಬಿಸಾಕೋದು, ಬೆರಳು ಹಿಂದೆ ಹಿಡಿಯೋದು, ಹಂಗೆ ಸೇದಿದ್ರೆ ನಡೀತೈತಲ್ಲ? ರಾತ್ರಿ ಲೋಡ್ ಹೊಡೆಯೋವಾಗ ಪೂರ್ತಿ ಬಿಡೋದು ನನ್ನಿಂದ ಆಗಂಗಿಲ್ಲ.

ಕೊಪ್ಪಳ_ಆಪ್ತಸಲಹೆ

ಟಿಪ್ಪರ್ ತಮ್ಮ, ಒಂದು ದಿನ ನಡೀತೈತಿ. ರಾತ್ರಿ ಎರಡು ಗಂಟೆಗೆ ಘಾಟಿನಾಗ ನಿದ್ದೆ ಎಳೆಯೋವಾಗ ಆ ಶಿಸ್ತು ನಿಲ್ಲಂಗಿಲ್ಲ, ಮೈ ತನಗೆ ಬೇಕಾದಷ್ಟು ತಗೊಂಡೇ ತಗೊಂತೈತಿ. ದಮ್ ಹೆಂಗೆ ಎಳೀಬೇಕು ಅಂತ ನಾನು ಯಾರಿಗೂ ಕಲಿಸಂಗಿಲ್ಲ.

ಹೃದಯದ ಲೆಕ್ಕ ಇನ್ನೂ ಕೆಟ್ಟದ್ದು. ಬಹಳಷ್ಟು ಅಧ್ಯಯನ ಒಟ್ಟು ಮಾಡಿ 2018ರಾಗ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಾಗ ಬಂದ ವಿಶ್ಲೇಷಣೆ ಐತಿ. ದಿನಕ್ಕೆ 20 ಸೇದೋರಿಗೆ ಹೃದ್ರೋಗದ ಅಪಾಯ ಎಷ್ಟು ಹೆಚ್ಚತೈತೋ, ದಿನಕ್ಕೆ ಒಂದೇ ಸೇದೋರಿಗೂ ಅದರ ಅರ್ಧದಷ್ಟು ಹೆಚ್ಚತೈತಿ. ಇಪ್ಪತ್ತರಾಗ ಒಂದು ಭಾಗ ಅಲ್ಲ, ಅರ್ಧ. ಕಡಿಮೆ ಮಾಡೋದು ಬಿಡೋ ದಾರಿಯಾಗ ಒಂದು ಮೆಟ್ಟಿಲಾದ್ರೆ ಮಾಡ್ರಿ. ಅಲ್ಲೇ ಕುಂತ್ರೆ ಎದಿಗೆ ಅದರ ಲಾಭ ಪೂರಾ ಮುಟ್ಟಂಗಿಲ್ಲ.

ನಿದ್ದೆಗೆ ಸಿಗರೇಟಲ್ಲ ಮದ್ದು. ಗಾಡಿ ಬದಿಗೆ ಹಾಕಿ ಸ್ವಲ್ಪ ಹೊತ್ತು ಮಲಗ್ರಿ.

ಕುಡತಿನಿ_ಶಿಫ್ಟ್

ಅಕ್ಕಾ, ನಾನು ಬಿಡ್ತೀನಿ. ಅರ್ಧ ಮಾಡಿದ್ದೇ ಇಷ್ಟು ಕಷ್ಟ ಆಗೈತಿ, ಅದೂ ದಂಡ ಆಗೋದಾದ್ರೆ ಪೂರಾನೇ ಬಿಡೋದು ವಾಸಿ. ಎಲ್ಲಿಂದ ಶುರು ಮಾಡಲಿ? ಆ ಚ್ಯುಯಿಂಗ್ ಗಮ್ ಅಂತಾರಲ್ಲ, ಅದು ಕೆಲಸ ಮಾಡ್ತೈತಾ?

ಕೊಪ್ಪಳ_ಆಪ್ತಸಲಹೆ

ಮಾಡ್ತೈತಿ, ಅಗಿಯೋದು ಗೊತ್ತಿದ್ರೆ. ಬಹಳ ಮಂದಿ ಮಾಮೂಲಿ ಗಮ್‌ನಂಗೆ ಬಿಡದಂಗೆ ಅಗೀತಾರ. ರಸ ನುಂಗಿ ಬಿಕ್ಕಳಿಕೆ, ಹೊಟ್ಟೆ ತೊಳಸೋದು, ಆಮೇಲೆ "ಗಮ್ ಆಗಂಗಿಲ್ಲ" ಅಂತ ಬಿಸಾಕ್ತಾರ. ನಿಧಾನ ನಾಲ್ಕು ಸಲ ಅಗೀರಿ, ಖಾರ ಚುರುಚುರು ಅಂದ ಕೂಡ್ಲೆ ದವಡಿ ಮತ್ತು ಕೆನ್ನೆ ನಡುವೆ ಒತ್ತಿ ಇಡ್ರಿ. ಚುರುಕು ಹೋದ ಮ್ಯಾಲೆ ಮತ್ತೆ ಅಗೀರಿ, ಇನ್ನೊಂದು ಕಡೆ ಇಡ್ರಿ. ಅರ್ಧ ತಾಸು ಹಿಂಗೆ. ಗಮ್ ಹಾಕೋಕೆ 15 ನಿಮಿಷ ಮುಂಚೆಯಿಂದ ಬಾಯಾಗ ಇರೋತನ ಚಹಾ, ಕಾಫಿ, ಸೋಡಾ ಬ್ಯಾಡ, ಅವು ಕುಡಿದ್ರೆ ಬಾಯಿ ನಿಕೋಟಿನ್ ಸರಿಯಾಗಿ ಹೀರಂಗಿಲ್ಲ.

ಗಮ್ 2 ಮಿಲಿಗ್ರಾಂ, 4 ಮಿಲಿಗ್ರಾಂ ಎರಡು ಥರ ಐತಿ. ಎದ್ದ ಅರ್ಧ ತಾಸಿನೊಳಗೆ ಮೊದಲ ಸಿಗರೇಟು ಹಚ್ಚೋರಿಗೆ ಹೆಚ್ಚಿನದು ಬೇಕಾಗ್ತೈತಿ, ಯಾವುದು ಅಂತ ಡಾಕ್ಟರ್ ಹೇಳ್ತಾರ. ಗಮ್‌ನಾಗ ನಿಕೋಟಿನ್ ಐತಿ, ಆದ್ರೆ ಹೊಗೆ ಇಲ್ಲ, ಟಾರ್ ಇಲ್ಲ, ನಿಮ್ಮ ಮಷಿನ್ ನಂಬರ್ ಏರಿಸೋ ಅನಿಲ ಇಲ್ಲ. ಪೂರ್ತಿ ಬಿಟ್ರೆ ಒಂದೆರಡು ದಿನದಾಗೇ ಆ ನಂಬರ್ ಸೇದದವರ ಮಟ್ಟಕ್ಕೆ ಇಳೀತೈತಿ. ಮತ್ತೆ ಊದಿ ಮನೆಯಾಕೆಗೆ ತೋರಿಸ್ರಿ.

ಪ್ಯಾಕಿನ ಮ್ಯಾಲೇ ಇರೋ 1800-11-2356ಗೆ ಫೋನ್ ಮಾಡ್ರಿ, ಉಚಿತ. ಬೆಂಗಳೂರಿನ ನಿಮ್ಹಾನ್ಸ್ ಕಡೆಯಿಂದ ಕನ್ನಡದಾಗೇ ಮಾತಾಡ್ತಾರ. ಮೊದಲ ವಾರ ಆ ಚಹಾದ ಅಂಗಡಿ ಕಡೆ ಹೋಗಬ್ಯಾಡ್ರಿ. ಫಿಟ್ಟರ್ ಅಣ್ಣನ ಜೊತೆ ಒಳಗೇ ಕುಂದರ್ರಿ.

ಸಿಂಧನೂರು_ಕಾಲುವೆ

ತಂಗಿ, ಬೀಡಿ ಸೇದೋರಿಗೂ ಆ ಗಮ್ ನಡೀತದೇನು? ನನಗ ದವಡಿ ಹಲ್ಲಿಲ್ಲ.

ಕೊಪ್ಪಳ_ಆಪ್ತಸಲಹೆ

ನಡೀತೈತ್ರಿ ಕಾಕಾ, ಎರಡರಾಗೂ ಇರೋದು ಒಂದೇ ನಿಕೋಟಿನ್. ಹಲ್ಲಿಲ್ಲದಿದ್ರೆ ಪ್ಯಾಚ್ ಐತಿ, ಮೈಗೆ ಅಂಟಿಸೋ ಪಟ್ಟಿ. ನಿಮ್ಮ ಕಡೆ ಬಿಸಿಲಿಗೆ ಬೆವರಿ ಕಿತ್ತು ಬರ್ತೈತಿ, ಅದಕ್ಕ ಬೆಳಿಗ್ಗೆ ಸ್ನಾನ ಮಾಡಿ ಮೈ ಪೂರಾ ಒಣಗಿದ ಮ್ಯಾಲೆ ರಟ್ಟೆ ಮ್ಯಾಲೆ, ಕೂದಲಿಲ್ಲದ ಕಡೆ ಅಂಟಿಸಿ ಅಂಗೈಲೆ ಒತ್ತಿ ಹಿಡೀರಿ. ದಿನಾ ಜಾಗ ಬದಲಿಸ್ರಿ, ಒಂದೇ ಕಡೆ ಹಾಕಿದ್ರೆ ಕೆರೆತ ಬರ್ತೈತಿ. ಬಿಪಿ, ಎದೆನೋವು ಏನಾರ ಇದ್ರೆ ಮೊದಲು ಡಾಕ್ಟರಿಗೆ ಹೇಳ್ರಿ. ಸಿಂಧನೂರು ತಾಲ್ಲೂಕು ಆಸ್ಪತ್ರೆಗೆ ಹೋಗಿ ತಂಬಾಕು ಬಿಡಿಸೋ ಸಲಹೆ ಯಾರು ಕೊಡ್ತಾರ ಅಂತ ಕೇಳ್ರಿ, ಬೀಡಿ ಕಟ್ಟು ಕಿಸೆಯಾಗ ಇದ್ರೂ ಪರವಾಗಿಲ್ಲ, ಹಂಗೇ ಹೋಗ್ರಿ.